ಒಂದು ಲಕ್ಷ ಮೂವತ್ತೊಂದು ಸಾವಿರಕ್ಕೆ ಒಂದು

ನೆಲ್ಯಹುದಿಕೇರಿ
೧೪ ನವೆಂಬರ್ ೨೦೨೫, ಶುಕ್ರವಾರ, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಮಗಳು ಅನುಪಮಾಳಿಗೆ,

ಅಪ್ಪನ ಆಶೀರ್ವಾದ ಮೊದಲು, ಉಳಿದದ್ದು ಆಮೇಲೆ. ಥೈರಾಯ್ಡಿನ ಮಾತ್ರೆ ದಿನಾ ಬರಿಹೊಟ್ಟೆಯಲ್ಲಿ ನುಂಗುತ್ತಿದ್ದೀಯಾ, ಇಲ್ಲ ಮರೆತ ದಿನ ಸೊನ್ನೆ, ನೆನಪಾದ ದಿನ ಎರಡು ಎಂಬ ಲೆಕ್ಕವೋ? ಅಳಿಯ ಮಿಲನನಿಗೆ ಡಿಪೋದಲ್ಲಿ ರಾತ್ರಿ ಪಾಳಿ ತಪ್ಪಿತೇ? ಮೋಕ್ಷಿತಾಳ ಮುಂದಿನ ಹಲ್ಲು ಬಂತೇ? ನೀನು ಕಳಿಸಿದ ಫೋಟೋದಲ್ಲಿ ಅವಳು ಬಾಯಿ ಮುಚ್ಚಿಕೊಂಡು ನಕ್ಕಿದ್ದಾಳೆ, ಆದ್ದರಿಂದ ಬಂದಿಲ್ಲ ಎಂದು ನನ್ನ ಅನುಮಾನ. ಶಿವಮೊಗ್ಗದಲ್ಲಿ ಚಳಿ ಹೇಗೋ ಗೊತ್ತಿಲ್ಲ, ಇಲ್ಲಿ ಬೆಳಿಗ್ಗೆ ಹೊಳೆಯ ಕಡೆಯಿಂದ ಮಂಜು ಎದ್ದರೆ ಒಂಬತ್ತು ಗಂಟೆಯ ತನಕ ರಸ್ತೆಯ ಆಚೆ ಬದಿ ಕಾಣುವುದಿಲ್ಲ. ನನ್ನ ಆರೋಗ್ಯ ಪರವಾಗಿಲ್ಲ. ಬಿ.ಪಿ. ನೋಡಿದ ನರ್ಸ್ ನೂರ ನಲವತ್ತು ಎಂದಳು. ಅವಳು ಮೆಷಿನ್ ಕಡೆ ಸರಿಯಾಗಿ ನೋಡಿದ ಹಾಗೆ ಕಾಣಲಿಲ್ಲ, ಅದಕ್ಕೆ ಗೋಣಿಕೊಪ್ಪಲಿಗೆ ಹೋಗಿ ಇನ್ನೊಂದು ಕಡೆ ತೋರಿಸಿದೆ. ಅಲ್ಲಿಯೂ ನೂರ ನಲವತ್ತೇ. ಇಬ್ಬರೂ ಮೊದಲೇ ಮಾತಾಡಿಕೊಂಡಿರಲು ಕಾರಣವಿಲ್ಲ, ಹಾಗಾಗಿ ನಂಬಿದ್ದೇನೆ. ಉಪ್ಪು ಕಡಿಮೆ ಮಾಡಿದ್ದೇನೆ. ಉಪ್ಪಿನಕಾಯಿ ಲೆಕ್ಕಕ್ಕಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಅಪ್ಪಾ, ಲ್ಯಾಬಲ್ಲಿ ರಶ್ ಉಂಟು, ಆಮೇಲೆ ಮಾಡ್ತೇನೆ" ಎನ್ನುತ್ತೀ. ಆ ಆಮೇಲೆ ಭಾನುವಾರ ಬರುತ್ತದೆ. ಈ ವಿಷಯದಲ್ಲಿ ಲೆಕ್ಕ ಉಂಟು, ಮತ್ತು ಲೆಕ್ಕ ಎಂಬುದು ಕಿವಿಯಲ್ಲಿ ನಿಲ್ಲುವುದಿಲ್ಲ, ಕಾಗದದಲ್ಲೇ ನಿಲ್ಲಬೇಕು. ಲಕೋಟೆಯನ್ನು ಗೋಂದಿನಿಂದ ಅಂಟಿಸಿ ಅಂಟಿನ ಮೇಲೆ ಅಡ್ಡಲಾಗಿ ಸಹಿ ಮಾಡುತ್ತೇನೆ. ಸಹಿ ಎರಡು ತುಂಡಾಗಿ ಒಂದಕ್ಕೊಂದು ಕೂಡದಿದ್ದರೆ ದಾರಿಯಲ್ಲಿ ಯಾರೋ ಒಡೆದು ನೋಡಿದ್ದಾರೆ ಎಂದು ತಿಳಿ. ವಿಷಯ ಇಷ್ಟೇ. ಮೂರು ವಾರದಿಂದ ಉತ್ತಯ್ಯ ನಮ್ಮ ಮನೆಗೆ ಬರುತ್ತಿಲ್ಲ. ನಾನು ಅವನನ್ನು ಕಳ್ಳ ಎಂದೆ. ಅವನು ಕಳ್ಳ ಹೌದೋ ಅಲ್ಲವೋ ಎಂದು ಹೇಳಬಲ್ಲವಳು ಈಗ ಉಳಿದಿರುವುದು ನೀನೊಬ್ಬಳೇ ಎಂದು ನನಗೆ ಕಾಣುತ್ತದೆ.

ಉತ್ತಯ್ಯ ಯಾರು ಎಂದು ನಿನಗೆ ಹೇಳುವುದು ಬೇಡ. ನಿನ್ನನ್ನು ಎಸ್ಟೇಟ್ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಯ ಗೇಟಿಗೆ ಬಿಡುತ್ತಿದ್ದವನು. ನಾನು ರೈಟರ್, ಅವನು ಡ್ರೈವರ್, ಒಂದೇ ತೋಟದಲ್ಲಿ ಮೂವತ್ತನಾಲ್ಕು ವರ್ಷ. ನಾನು ಬರೆದ ತೂಕಕ್ಕೂ ಅವನು ಕಾಫಿ ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ಇಳಿಸಿದ ತೂಕಕ್ಕೂ ಒಂದು ಕೆ.ಜಿ. ಆಚೀಚೆ ಆದದ್ದಿಲ್ಲ. ಹಾಗೆ ಆಗದೆ ಇರುವುದು ಹೇಗೆ ಸಾಧ್ಯ ಎಂದು ಈಗ ಕೂತು ಯೋಚಿಸಿದರೆ ಅದೂ ಸ್ವಲ್ಪ ಹೆಚ್ಚೇ ಸರಿಯಾಗಿತ್ತು ಎನಿಸುತ್ತದೆ. ಕಾಫಿ ದಾರಿಯಲ್ಲಿ ಒಣಗಬೇಕಲ್ಲ. ಇರಲಿ, ಅದು ಬೇರೆ. ಇಬ್ಬರೂ ರಿಟೈರ್ ಆದ ಮೇಲೆ ಇಲ್ಲೇ ಎರಡು ಫರ್ಲಾಂಗು ಅಂತರದಲ್ಲಿ ಮನೆ ಕಟ್ಟಿದೆವು. ಸಂಜೆ ಐದಕ್ಕೆ ಅವನು ಬರುವುದು, ಕಾಫಿ ಕುಡಿಯುವುದು, ರಮ್ಮಿ ಆಡುವುದು, ಏಳಕ್ಕೆ ಟಾರ್ಚ್ ಹಿಡಿದು ಹೋಗುವುದು. ನಿನ್ನ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದ ದಿನ ಜೀಪು ಓಡಿಸಿದವನೂ ಅವನೇ, ವಾಪಸು ಬರುವಾಗ ಓಡಿಸಿದವನೂ ಅವನೇ. ಅವಳು ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ಅಷ್ಟೂ ದಿನದಲ್ಲಿ ಅವನು ಸಂಜೆ ತಪ್ಪಿಸಿದ್ದು ಎರಡೇ ಸಲ, ಒಂದು ಸಲ ಜ್ವರ, ಇನ್ನೊಂದು ಸಲ ಅವರ ಕುಲದ ಐನ್‌ಮನೆಯ ಕಾರ್ಯ.

ನಾವು ಲಾಟರಿ ಟಿಕೆಟ್ ತೆಗೆಯುತ್ತಿದ್ದದ್ದು ನಿನಗೆ ಗೊತ್ತು, ಆದರೆ ಅದರ ಪದ್ಧತಿ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಮಾರುವುದು ನಿಂತು ಎಷ್ಟೋ ಕಾಲ ಆಯಿತು. ಮಾಕುಟ್ಟದ ಘಾಟಿ ಇಳಿದರೆ ಕೇರಳ, ಅಲ್ಲಿ ಉಂಟು. ಉತ್ತಯ್ಯನ ಅಣ್ಣನ ಮಗ ಪ್ರತಿ ಬುಧವಾರ ಪಿಕಪ್‌ನಲ್ಲಿ ನೇಂದ್ರ ಬಾಳೆಗೊನೆ ಹಾಕಿಕೊಂಡು ಇರಿಟ್ಟಿಗೆ ಹೋಗುತ್ತಾನೆ, ಇವನು ಜೊತೆಗೆ ಕೂರುತ್ತಾನೆ. ರಿಟೈರ್ ಆದ ಡ್ರೈವರಿಗೆ ಪಕ್ಕದಲ್ಲಿ ಕೂತು ಬುದ್ಧಿ ಹೇಳದಿದ್ದರೆ ನಿದ್ರೆ ಬರುವುದಿಲ್ಲವಲ್ಲ. ಬರುವಾಗ ಬಸ್‌ಸ್ಟ್ಯಾಂಡಿನ ಒಬ್ಬ ಮಾರುವವನ ಹತ್ತಿರ ಎರಡು ಟಿಕೆಟ್. ಒಂದು ನನ್ನ ದುಡ್ಡಿನದು, ಒಂದು ಅವನದು, ಯಾವುದಕ್ಕೆ ಬಂದರೂ ಅರ್ಧ ಅರ್ಧ. ಟಿಕೆಟ್ ನನ್ನ ಹತ್ತಿರ, ಜಗಲಿಯ ಕಿಟಕಿಯಲ್ಲಿ ಟಾರ್ಚಿನ ಅಡಿಯಲ್ಲಿ. ಗುರುವಾರ ಡ್ರಾ. ಗುರುವಾರ ಸಂಜೆ ಉತ್ತಯ್ಯ ಇರಿಟ್ಟಿಗೆ ಫೋನು ಹಚ್ಚಿ ಮೊದಲ ಬಹುಮಾನದ ನಂಬರ್ ಕೇಳುತ್ತಾನೆ, ನಾನು ಕನ್ನಡಕ ಹಾಕಿ ನೋಡುತ್ತೇನೆ, "ಹೋಯ್ತು ಮಾರಾಯ, ಎಲೆ ಹಾಕು" ಎನ್ನುತ್ತೇನೆ. ಚಿಲ್ಲರೆ ಬಹುಮಾನದ ಸುದ್ದಿ ಅವನ ಡಿಪಾರ್ಟ್‌ಮೆಂಟ್. ಮುಂದಿನ ಬುಧವಾರ ಹಳೆಯ ಟಿಕೆಟನ್ನು ಕಿಟಕಿಯಿಂದ ತೆಗೆದುಕೊಂಡು ಹೋಗಿ ಮಾರುವವನಿಗೆ ತೋರಿಸುವುದು, ಅವನು ಪಟ್ಟಿ ನೋಡಿ ಇಲ್ಲ ಎನ್ನುವುದು. ಹೀಗೆ ಆರೂವರೆ ವರ್ಷ. ಕೊರೋನಾದಲ್ಲಿ ಗಡಿ ಮುಚ್ಚಿದ ತಿಂಗಳು ಕಳೆದರೆ ಹತ್ತಿರ ಹತ್ತಿರ ಮುನ್ನೂರು ವಾರ, ಆರುನೂರು ಟಿಕೆಟ್. ಅಮ್ಮ ಹೋದ ಮೇಲೆ ನಿಲ್ಲಿಸಿದೆವು. ಯಾರೂ ನಿಲ್ಲಿಸೋಣ ಎನ್ನಲಿಲ್ಲ, ನಿಂತಿತು.

ಮೊನ್ನೆ ಅಕ್ಟೋಬರಿನಲ್ಲಿ ಪೆನ್ಶನ್ ಕಾಗದ ಜೆರಾಕ್ಸ್ ಮಾಡಿಸಲು ಸಿದ್ದಾಪುರಕ್ಕೆ ಹೋಗಿದ್ದೆ. ಅಂಗಡಿಯ ಹುಡುಗಿ ಸೌಜನ್ಯಳ ಮೇಜಿನ ಮೇಲೆ ಅದೇ ಲಾಟರಿಯ ಟಿಕೆಟ್ ಇತ್ತು. ಅವಳ ಅಪ್ಪನದಂತೆ. ನಾವೂ ತೆಗೆಯುತ್ತಿದ್ದೆವು, ಆರೂವರೆ ವರ್ಷದಲ್ಲಿ ಒಂದು ಪೈಸೆ ಬರಲಿಲ್ಲ ಎಂದು ನಾನು ದೊಡ್ಡಸ್ತಿಕೆಯಲ್ಲಿ ಹೇಳಿದೆ. ಅವಳು ಜೆರಾಕ್ಸ್ ಮೆಷಿನಿನ ಮುಚ್ಚಳ ಹಿಡಿದುಕೊಂಡೇ ತಿರುಗಿ ನೋಡಿ, "ಅಪ್ಪನಿಗೆ ಈ ವರ್ಷವೇ ನಾಲ್ಕು ಸಲ ಬಂತು ಅಂಕಲ್, ಇನ್ನೂರು, ಐನೂರು ಅಂಥದ್ದು. ನಿಮ್ಗೆ ಒಂದೂ ಇಲ್ವಾ?" ಎಂದಳು. ಆ ಒಂದೂ ಎಂಬುದು ನನ್ನ ಜೊತೆ ಬಸ್ಸು ಹತ್ತಿತು. ಬರುವಾಗ ಅವಳ ಹತ್ತಿರ ಫೋನಿನಿಂದ ಒಂದು ವಾರದ ಫಲಿತಾಂಶದ ಪಟ್ಟಿ ಪ್ರಿಂಟ್ ತೆಗೆಸಿಕೊಂಡೆ.

ಈಗ ಲೆಕ್ಕ. ನಿನ್ನ ಅಪ್ಪ ಮಡಿಕೇರಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ತನಕ ಓದಿದವನು ಎಂಬುದನ್ನು ಈ ಮನೆಯಲ್ಲಿ ಯಾರೂ ಗಣ್ಯ ಮಾಡಿಲ್ಲ. ನಮಗೆ ಮಂಗಳೂರು ಕಡೆಯ ಒಬ್ಬರು ಲೆಕ್ಚರರ್ ಇದ್ದರು, ಕೈಯೆಲ್ಲ ಸೀಮೆಸುಣ್ಣ. ಪ್ರಾಬಬಿಲಿಟಿ ಈಸ್ ಈಕ್ವಲ್ ಟು ಫೇವರಬಲ್ ಕೇಸಸ್ ಅಪಾನ್ ಟೋಟಲ್ ಕೇಸಸ್, ಪ್ರೊವೈಡೆಡ್ ದಟ್ ಎಂದು ಅವರು ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕಿದ್ದು ಈಗಲೂ ಕಣ್ಣಮುಂದೆ ಉಂಟು. ಆ ಪ್ರೊವೈಡೆಡ್ ದಟ್ ಆದ ಮೇಲೆ ಏನಿತ್ತೋ ಅದು ಮಾತ್ರ ಹಾರಿಹೋಗಿದೆ. ಮೊದಲ ಬಹುಮಾನದ್ದು ಸುಲಭ. ಆ ಲಾಟರಿಗೆ ಹನ್ನೆರಡು ಸೀರೀಸ್, ಒಂದೊಂದರಲ್ಲಿ ಆರು ಅಂಕೆಯ ಒಂಬತ್ತು ಲಕ್ಷ ನಂಬರ್. ಒಟ್ಟು ಒಂದು ಕೋಟಿ ಎಂಟು ಲಕ್ಷ ಟಿಕೆಟ್, ಅದರಲ್ಲಿ ಒಂದು. ಇದು ಎಷ್ಟು ಎಂದು ಕಣ್ಣಿಗೆ ಕಾಣಲಿ ಎಂದು ನೂರು ಕಾಫಿ ಬೀಜ ಎಣಿಸಿ ತಕ್ಕಡಿಗೆ ಹಾಕಿದೆ. ಇಪ್ಪತ್ತು ಗ್ರಾಂ. ಐವತ್ತು ಕೆ.ಜಿ. ಚೀಲಕ್ಕೆ ಎರಡೂವರೆ ಲಕ್ಷ ಬೀಜ. ಅಂದರೆ ನಲವತ್ತಮೂರು ಚೀಲ ಕಾಫಿಯನ್ನು ಕಣದಲ್ಲಿ ಸುರಿದು, ಒಂದೇ ಒಂದು ಬೀಜಕ್ಕೆ ಕೆಂಪು ಇಂಕು ಹಚ್ಚಿ ರಾಶಿಯಲ್ಲಿ ಬೆರೆಸಿ, ಕಣ್ಣು ಕಟ್ಟಿಕೊಂಡು ಕೈ ಹಾಕು ಎಂದ ಹಾಗೆ. ವಾರಕ್ಕೆ ಎರಡು ಟಿಕೆಟ್ ಪ್ರಕಾರ ನಮ್ಮ ಸರದಿ ಬರಲು ಒಂದು ಲಕ್ಷ ವರ್ಷದ ಮೇಲೆ ಬೇಕು. ಇಷ್ಟು ವರ್ಷ ಪ್ರತಿ ಗುರುವಾರ ನಾನು ಕನ್ನಡಕ ಒರೆಸಿಕೊಂಡು ಕೂತದ್ದು ಇದಕ್ಕೆ.

ಆದರೆ ನನ್ನ ಸಂಶಯ ಮೊದಲ ಬಹುಮಾನದ್ದಲ್ಲ. ಪಟ್ಟಿಯ ಕೆಳಗೆ ಸಣ್ಣ ಬಹುಮಾನಕ್ಕೆ ಟಿಕೆಟಿನ ಕೊನೆಯ ನಾಲ್ಕು ಅಂಕೆ ಹೊಂದಿದರೆ ಸಾಕು. ಅಂಥವನ್ನು ಎಣಿಸಿದೆ, ಎರಡು ಸಲ ಎಣಿಸಿದೆ, ಇನ್ನೂರು ಚಿಲ್ಲರೆ. ನಾಲ್ಕು ಅಂಕೆಯಲ್ಲಿ ಇರುವುದು ಹತ್ತು ಸಾವಿರ. ಐವತ್ತಕ್ಕೆ ಒಂದು. ಅಂದಮೇಲೆ ಆರುನೂರು ಟಿಕೆಟಿಗೆ ಹನ್ನೆರಡು ಸಲ ಬರಬೇಕು. ಹತ್ತು ಬರಲಿ, ಎಂಟು ಬರಲಿ, ಅದೃಷ್ಟ ಎನ್ನೋಣ. ಸೊನ್ನೆ ಹೇಗೆ? ಸೊನ್ನೆ ಬರುವ ಸಾಧ್ಯತೆ ಎಷ್ಟು ಎಂದು ಫೋನಿನ ಕ್ಯಾಲ್ಕುಲೇಟರಿನಲ್ಲಿ ಸೊನ್ನೆ ಪಾಯಿಂಟ್ ಒಂಬತ್ತು ಎಂಟನ್ನು ಅದಕ್ಕೇ ಗುಣಿಸುತ್ತಾ ಹೋದೆ. ಮೂವತ್ತೈದನೇ ಸಲಕ್ಕೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಂದರೆ ಪ್ರತಿ ಮೂವತ್ತೈದು ಟಿಕೆಟಿಗೆ ಸಾಧ್ಯತೆ ಅರ್ಧ ಆಗುತ್ತದೆ. ಆರುನೂರರಲ್ಲಿ ಅಂಥ ಮೂವತ್ತೈದರ ಗುಂಪು ಹದಿನೇಳು ಉಂಟು. ಎರಡು, ನಾಲ್ಕು, ಎಂಟು, ಹದಿನಾರು ಎಂದು ಹದಿನೇಳು ಸಲ ಇಮ್ಮಡಿ ಮಾಡಿದರೆ ಒಂದು ಲಕ್ಷ ಮೂವತ್ತೊಂದು ಸಾವಿರದ ಎಪ್ಪತ್ತೆರಡು. ಒಂದು ಲಕ್ಷ ಮೂವತ್ತೊಂದು ಸಾವಿರಕ್ಕೆ ಒಂದು ಸಲ ಮಾತ್ರ ಹೀಗೆ ಬರಿಗೈ ಆಗಲು ಸಾಧ್ಯ. ದೇರ್ ಫೋರ್, ಬಹುಮಾನ ಬಂದಿದೆ, ಯಾರೋ ತಿಂದಿದ್ದಾರೆ. ಟಿಕೆಟ್ ಕೊಂಡುಹೋಗುತ್ತಿದ್ದವನು ಒಬ್ಬನೇ.

ಭಾನುವಾರ ಬೆಳಿಗ್ಗೆ ಲೆಕ್ಕದ ಹಾಳೆ ಹಿಡಿದುಕೊಂಡು ಅವನ ಮನೆಗೆ ಹೋದೆ. ಒಬ್ಬನೇ ಸಿಕ್ಕಿದ್ದರೆ ಒಳ್ಳೆಯದಿತ್ತು. ಜಗಲಿಯಲ್ಲಿ ಅವನ ಹೆಂಡತಿ ಇದ್ದಳು, ಪಿಕಪ್ಪಿನ ಹುಡುಗನೂ ಇದ್ದ. ನಾನು ನಿಂತೇ ಓದಿದೆ. ಹನ್ನೆರಡು ಸಲ, ಸರಾಸರಿ ಐನೂರು, ಒಟ್ಟು ಆರು ಸಾವಿರ, ನನ್ನ ಪಾಲು ಮೂರು ಸಾವಿರ ಎಂದು ಕೊನೆಯ ಸಾಲಿನ ತನಕ ಓದಿದೆ. ಅವನು ಮೊದಲು ನಕ್ಕ. "ರೈಟ್ರೇ, ಈ ಪಟ್ಟಿಯಲ್ಲಿ ನನ್ನ ಚಹಾ, ತಿಂಡಿ ಎಲ್ಲಿ ಸೇರಿಸಿದ್ದೀರಿ?" ಎಂದ. ನಾನು ನಗಲಿಲ್ಲ. ಆಮೇಲೆ ಅವನಿಗೆ ಅರ್ಥ ಆಯಿತು. "ಎಷ್ಟೋ ವಾರ ಕಿಟಕಿಯಲ್ಲಿ ಒಂದೇ ಟಿಕೆಟ್ ಇರ್ತಿತ್ತು. ಇನ್ನೊಂದನ್ನು ದಮಯಂತಿ ಅಕ್ಕ ಒಲೆಗೆ ಹಾಕಿರಬೇಕು ಅಂತ ನಾನು ಕೇಳ್ಲಿಲ್ಲ" ಎಂದ. ಇದನ್ನು ಆರೂವರೆ ವರ್ಷ ಹೇಳದವನು ಈಗ ಹೇಳುತ್ತಾನಲ್ಲ, ಸತ್ತ ನಿನ್ನ ಅಮ್ಮನ ತಲೆಗೆ ಕಟ್ಟುತ್ತಾನಲ್ಲ ಎಂದು ನನಗೆ ಪಿತ್ತ ಏರಿತು. ಕಳ್ಳನಿಗೆ ಒಂದು ಪಿಳ್ಳೆ ನೆವ ಎಂದುಬಿಟ್ಟೆ. ಅವನು ಎದ್ದು ಅಂಗಿಯ ಜೇಬು, ಪ್ಯಾಂಟಿನ ಎರಡೂ ಜೇಬು ಹೊರಗೆ ಎಳೆದು ತೋರಿಸಿದ. ಎರಡು ಗೋಟಡಿಕೆ, ಒಂದು ಬಸ್ ಟಿಕೆಟ್. "ಮೂವತ್ತನಾಲ್ಕು ವರ್ಷ ಕಾಫಿ ಕೊಯ್ಯುವ ಹೆಂಗಸರ ಚೀಲದೊಳಗೆ ಕೈ ಹಾಕಿ ಕಲ್ಲು ಹುಡುಕಿದ್ರಿ ರೈಟ್ರೇ. ಇದಕ್ಕೂ ಹಾಕಿ. ನಾಚಿಕೆ ಯಾಕೆ" ಎಂದ. ಅವನ ಹೆಂಡತಿ ಒಳಗೆ ಹೋದವಳು ಕಾಫಿ ತರಲಿಲ್ಲ. ಕೊಡವರ ಮನೆಯಿಂದ ನಾನು ಕಾಫಿ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಆ ಹುಡುಗ ಪಿಕಪ್ ನಿಲ್ಲಿಸಿ, ಗೇಟಿನ ಹತ್ತಿರವೇ ಒಂದು ಮಡಚಿದ ಕಾಗದ ಕೊಟ್ಟು ಹೋದ. ಒಳಗೆ ಐನೂರರ ಆರು ನೋಟು. ಒಂದಕ್ಷರ ಬರೆದಿರಲಿಲ್ಲ. ಈ ಮೂರು ಸಾವಿರ ನನ್ನ ನಿದ್ರೆ ತಿಂದಿತು. ನೋಡು, ಕದ್ದವನಾಗಿದ್ದರೆ ಇಷ್ಟು ಬೇಗ ಕೊಡುತ್ತಿರಲಿಲ್ಲ, ಸ್ವಲ್ಪ ಜಗಳ ಆಡುತ್ತಿದ್ದ. ಕದಿಯದವನಾಗಿದ್ದರೆ ಯಾಕೆ ಕೊಟ್ಟ? ಬಾಯಿ ಮುಚ್ಚಿಸಲೋ? ಇಲ್ಲ, ನನ್ನ ಮುಖಕ್ಕೆ ಎಸೆದನೋ? ನೋಟುಗಳನ್ನು ಬೆಳಕಿಗೆ ಹಿಡಿದೂ ನೋಡಿದೆ, ಒಳ್ಳೆಯವೇ. ಇಟ್ಟುಕೊಂಡರೆ ಅವನನ್ನು ಕಳ್ಳ ಎಂದು ಖಾಯಂ ಮಾಡಿದ ಹಾಗೆ. ಹಿಂದಕ್ಕೆ ಕೊಟ್ಟರೆ ನಾನು ಸುಳ್ಳುಗಾರ ಎಂದು ಒಪ್ಪಿದ ಹಾಗೆ. ಅವು ಈಗ ಪಂಚಾಂಗದ ಒಳಗೆ ಇವೆ. ಆ ದಿನದಿಂದ ಐದು ಗಂಟೆಗೆ ನಾನು ಒಬ್ಬನಿಗೆ ಕಾಫಿ ಮಾಡುತ್ತೇನೆ. ಇಬ್ಬರ ಅಳತೆ ಕೈಗೆ ಕೂತಿದೆ, ಹೆಚ್ಚಾದದ್ದನ್ನು ಚೆಲ್ಲುತ್ತೇನೆ.

ಆಮೇಲೆ ಮೀನಿನ ಹಂಸಾಕನ ವಿಷಯ. ಶುಕ್ರವಾರ ಶುಕ್ರವಾರ ಕಣ್ಣೂರು ಕಡೆಯಿಂದ ಮೀನು ತಂದು ನಮ್ಮ ಗೇಟಿನಲ್ಲಿ ಹಾರ್ನ್ ಹೊಡೆಯುವವನು, ನಿನಗೆ ನೆನಪಿರಬಹುದು. ಕಳೆದ ಶುಕ್ರವಾರ ಅರ್ಧ ಕೆ.ಜಿ. ಮತ್ತಿ ಕೊಂಡೆ. ಅವನು ಮಲಯಾಳಂ ಪೇಪರಿನಲ್ಲಿ ಸುತ್ತಿ ಕೊಡುವಾಗ ಸ್ವಲ್ಪ ನಿಂತು, "ಇದು ಹಳೇ ಪೇಪರ್ ಸಾರ್. ಚೇಚಿ ಇದ್ದಾಗ ಇವತ್ತಿನ ಪೇಪರಲ್ಲೇ ಕಟ್ಟಬೇಕು. ಮೀನು ನಿನ್ನೆಯದಾದ್ರೆ ಸಹಿಸ್ತಿದ್ರು, ಪೇಪರ್ ನಿನ್ನೆಯದಾದ್ರೆ ವಾಪಸ್" ಎಂದ. ಮೀನು ಕೈಯಲ್ಲಿ ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಗುರುವಾರದ ಡ್ರಾ ಶುಕ್ರವಾರದ ಪೇಪರಿನಲ್ಲಿ ಬರುತ್ತದೆ. ಅವನ ಚೇಚಿ, ಅಂದರೆ ನಿನ್ನ ಅಮ್ಮ, ಕರಿಕೆಯವಳು. ಗಡಿ ದಾಟಿ ಪಾಣತ್ತೂರಿನ ಶಾಲೆಗೆ ಐದನೇ ಕ್ಲಾಸಿನ ತನಕ ಹೋದವಳು. ಮಲಯಾಳಂ ಓದಲು ಅವಳಿಗೆ ಬರುತ್ತಿತ್ತು ಎಂಬುದು ಅಷ್ಟು ವರ್ಷ ಒಟ್ಟಿಗೆ ಬಾಳಿದ ನನಗೆ ನೆನಪೇ ಇರಲಿಲ್ಲ. ಓದುವುದನ್ನು ನಾನು ಕಂಡವನಲ್ಲ. ಮೀನು ತೊಳೆದ ಮೇಲೆ ಆ ಒದ್ದೆ ಪೇಪರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹರವಿ ಒಣಗಿಸುವುದನ್ನು ಮಾತ್ರ ಕಂಡಿದ್ದೇನೆ. ಒಲೆ ಹೊತ್ತಿಸಲು ಎಂದುಕೊಂಡಿದ್ದೆ. ಹಂಸಾಕನನ್ನು ನೇರ ಕೇಳಿದೆ, ಚೇಚಿ ನಿನ್ನ ಕೈಯಲ್ಲಿ ಲಾಟರಿ ಟಿಕೆಟ್ ಕೊಡುತ್ತಿದ್ದಳೋ, ನೀನು ಆಚೆ ತೋರಿಸಿ ಬಹುಮಾನದ ದುಡ್ಡು ತಂದುಕೊಡುತ್ತಿದ್ದೆಯೋ ಎಂದು. ಅವನು ತಕ್ಕಡಿ ಒರೆಸುತ್ತಾ "ಚೇಚಿ ಹೋದ್ರಲ್ಲ ಸಾರ್, ಇನ್ನು ಕೇಳಿ ಎಂದಾ ಕಾರ್ಯಂ, ಏನು ಪ್ರಯೋಜನ" ಎಂದು ಗಾಡಿ ಸ್ಟಾರ್ಟ್ ಮಾಡಿದ. ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಇವನನ್ನು ಉತ್ತಯ್ಯ ಮೊದಲೇ ಕಂಡು ಹೇಳಿಕೊಟ್ಟಿರಬಹುದೇ ಎಂದೂ ಒಂದು ಗಳಿಗೆ ಅನಿಸಿತು. ಮುಚ್ಚಿಡುವುದು ಯಾಕೆ, ಅನಿಸಿತು.

ಅಂದಿನಿಂದ ನಾನು ಮೊಟ್ಟೆಯ ಲೆಕ್ಕ ಹಾಕುತ್ತಿದ್ದೇನೆ. ಅವಳು ನನ್ನನ್ನು ಕೇಳದೆ ಏನು ತಂದರೂ "ಕೋಳಿ ಮೊಟ್ಟೆ ದುಡ್ಡು, ನೀವು ಕೇಳಬೇಡಿ" ಎನ್ನುತ್ತಿದ್ದಳು. ನಮ್ಮಲ್ಲಿ ಇದ್ದದ್ದು ಐದು ಕೋಳಿ. ಅದರಲ್ಲಿ ಎರಡು ಮುದುಕಿಯರು, ಮತ್ತೊಂದಕ್ಕೆ ವರ್ಷದಲ್ಲಿ ಆರು ತಿಂಗಳು ಕಾವು ಕೂರುವುದೇ ಕೆಲಸ. ಉಳಿದದ್ದು ಎರಡು, ಅವುಗಳ ಮೊಟ್ಟೆ ನಾನೇ ತಿನ್ನುತ್ತಿದ್ದೆ. ಹಾಗಾದರೆ ಐದು ಲೀಟರಿನ ಕುಕ್ಕರ್ ಯಾವ ಕೋಳಿ ಇಟ್ಟದ್ದು? ಮೋಕ್ಷಿತಾಳ ನಾಮಕರಣಕ್ಕೆ ಬೆಳ್ಳಿ ಕಾಲ್ಗೆಜ್ಜೆ? ನಿನ್ನ ಬಾಣಂತನದಲ್ಲಿ ಅವಳೊಬ್ಬಳೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಳಲ್ಲ, ನಾನು ಕೊಟ್ಟದ್ದು ಒಂದೂವರೆ ಸಾವಿರ. ಅವಳು ತಂದ ಸಾಮಾನಿನ ಪಟ್ಟಿ ಮಿಲನ್ ಹೇಳಿದ್ದು ಕೇಳಿದರೆ ನಾಲ್ಕು ಸಾವಿರಕ್ಕೆ ಕಡಿಮೆ ಇಲ್ಲ. ಅಮ್ಮನಿಗೆ ಎಲ್ಲಿಂದ ಬಂತು ಎಂದು ನಾನು ಆಗ ಫೋನಿನಲ್ಲಿ ಕೇಳಿದಾಗ ನೀನು ಮಗು ಅಳುತ್ತಿದೆ ಎಂದು ಇಟ್ಟೆ. ಮಗು ಅತ್ತದ್ದು ನನಗೆ ಕೇಳಿಸಲಿಲ್ಲ. ಆದ್ದರಿಂದ ನಿನಗೆ ಗೊತ್ತಿದೆ ಎಂದು ನನ್ನ ಅನುಮಾನ. ಅವಳು ನಿನ್ನ ಹತ್ತಿರ ಹೇಳಿಕೊಳ್ಳದೆ ಇರುವವಳಲ್ಲ, ನೀವಿಬ್ಬರೂ ಅಡುಗೆಮನೆಯಲ್ಲಿ ನಗುತ್ತಿದ್ದವರು ನಾನು ಬಾಗಿಲಿಗೆ ಬಂದರೆ ಸೊಪ್ಪು ಸೋಸಲು ಶುರು ಮಾಡುತ್ತಿದ್ದಿರಿ. ನನಗೆ ಸಿಟ್ಟಿಲ್ಲ. ಅವಳು ಕೇಳಿದ್ದರೆ ನಾನು ಕೊಡುತ್ತಿದ್ದೆ ಎಂದು ಬರೆಯಲು ಹೊರಟೆ, ಆದರೆ ಕೊಡುತ್ತಿದ್ದೆನೋ ಇಲ್ಲವೋ ಗ್ಯಾರಂಟಿ ಇಲ್ಲ. ಅವಳು ಕಿಟಕಿಯಿಂದ ಬಹುಮಾನ ಬಂದ ಟಿಕೆಟ್ ಮಾತ್ರ ಆರಿಸಿ ತೆಗೆದು, ಬಾರದ್ದನ್ನು ಉತ್ತಯ್ಯನಿಗೆ ಬಿಟ್ಟಿದ್ದರೆ ಅವನು ಹೇಳಿದ್ದು ಪೂರ್ತಿ ನಿಜ. ಹಾಗಾದರೆ ಆ ಕುಕ್ಕರಿನಲ್ಲಿ ಅವನ ಪಾಲೂ ಬೆಂದಿದೆ, ಅದರ ಮೇಲೆ ಮೂರು ಸಾವಿರವನ್ನೂ ಅವನೇ ಕೊಟ್ಟಿದ್ದಾನೆ.

ಇಲ್ಲ, ಅವಳೂ ಅಲ್ಲ, ಅವನೂ ಅಲ್ಲ, ಇರಿಟ್ಟಿಯ ಮಾರುವವನೂ ಅಲ್ಲ, ನಿಜವಾಗಿ ಆರುನೂರು ಟಿಕೆಟಿಗೆ ಒಂದೂ ಬರಲಿಲ್ಲವೋ? ನಿನ್ನೆ ಮಧ್ಯಾಹ್ನ ಊಟ ಆದ ಮೇಲೆ ಹಳೆಯ ಹಾಳೆ ತೆಗೆದು ಎರಡು ಸಂಖ್ಯೆಯನ್ನು ಒಂದರ ಪಕ್ಕ ಒಂದು ಬರೆದೆ. ಒಂದು ಕೋಟಿ ಎಂಟು ಲಕ್ಷಕ್ಕೆ ಒಂದು, ಒಂದು ಲಕ್ಷ ಮೂವತ್ತೊಂದು ಸಾವಿರಕ್ಕೆ ಒಂದು. ಭಾಗಿಸಿದರೆ ಎಂಬತ್ತೆರಡು. ಅಂದರೆ ಒಂದು ಟಿಕೆಟಿಗೆ ಮೊದಲ ಬಹುಮಾನ ಹೊಡೆಯುವುದಕ್ಕಿಂತ, ನಮಗೆ ಏನೂ ಬರದೆ ಹೋಗಿರುವುದು ಎಂಬತ್ತೆರಡು ಪಟ್ಟು ಸುಲಭ. ಆ ಕೋಟಿಗೆ ಒಂದನ್ನು ನಾನು ಮುನ್ನೂರು ಗುರುವಾರ ನಂಬಿದೆ ಮಗಾ. ದುಡ್ಡು ಬಂದರೆ ಕಾರು ಯಾವುದು, ಬಣ್ಣ ಯಾವುದು ಎಂದು ಉತ್ತಯ್ಯನ ಜೊತೆ ವಾದ ಮಾಡಿದ್ದೇನೆ. ಈ ಲಕ್ಷಕ್ಕೆ ಒಂದನ್ನು ಅವನಿಗಾಗಿ ಒಂದು ಭಾನುವಾರ ನಂಬಲು ನನ್ನಿಂದ ಆಗಲಿಲ್ಲ. ಇದನ್ನು ಆ ಲೆಕ್ಚರರ್ ಹೇಳಿಕೊಟ್ಟಿರಲಿಲ್ಲ, ಅಥವಾ ಆ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ.

ಹಾಗಾಗಿ ಈ ಕಾಗದ. ಅಮ್ಮ ಟಿಕೆಟಿನ ವಿಷಯ ನಿನಗೆ ಹೇಳಿದ್ದು ಹೌದಾದರೆ ಹೌದು ಎಂದು ಬರೆ, ಇಲ್ಲವಾದರೆ ಇಲ್ಲ ಎಂದು ಬರೆ. ಅವಳ ಮರ್ಯಾದೆ, ನನ್ನ ಬಿ.ಪಿ. ಎಂದು ಏನನ್ನೂ ಮುಚ್ಚಬೇಡ. ಹೌದು ಎಂದರೆ ನಾನು ಉತ್ತಯ್ಯನ ಮನೆಗೆ ಹೋಗಿ, ಅವನ ಹೆಂಡತಿ ಮತ್ತು ಆ ಹುಡುಗನ ಎದುರೇ, ಯಾವ ಜಾಗದಲ್ಲಿ ನಿಂತು ಓದಿದೆನೋ ಅಲ್ಲೇ ನಿಂತು ತಪ್ಪಾಯಿತು ಎನ್ನುತ್ತೇನೆ. ಇಲ್ಲ ಎಂದರೆ ಏನು ಮಾಡಬೇಕು ಎಂದು ಇನ್ನೂ ಯೋಚಿಸಿಲ್ಲ.

ಮಿಲನನಿಗೆ ನನ್ನ ನೆನಪು ಹೇಳು. ನನ್ನ ಮೊಮ್ಮಗಳಿಗೆ ಹಲ್ಲು ಬಂದರೂ ಬಾರದಿದ್ದರೂ ಬಾಯಿ ತೆರೆದು ನಗುವ ಒಂದು ಫೋಟೋ ಕಳಿಸಲು ಹೇಳು. ಮೂವರಿಗೂ ಕಾವೇರಮ್ಮ ಒಳ್ಳೆಯದು ಮಾಡಲಿ.

ನಿನ್ನ ಅಪ್ಪ,
ದೇರಪ್ಪ

ಮರೆತೆ: ಅಂಟಿಸುವ ಮೊದಲು ಇನ್ನೊಂದು ಸಲ ಓದಿದೆ. ಇದ್ದದ್ದು ಇದ್ದ ಹಾಗೆ ಬರೆ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿದೆ ಎಂದು ತಿಳಿ. ಅಮ್ಮ ನಿನಗೆ ಹೇಳಿದ್ದರೂ ಸರಿ, ಹೇಳದಿದ್ದರೂ ಸರಿ, ಹೇಳಿದ್ದಳು ಎಂದೇ ಬರೆ. ಕಿಟಕಿಯಿಂದ ಟಿಕೆಟ್ ತೆಗೆದದ್ದು ನಾನೇ ಎಂದು ಅಮ್ಮ ನಿನ್ನ ಬಾಣಂತನದಲ್ಲಿ ಬಾಯಿಬಿಟ್ಟಳು, ಕುಕ್ಕರು ಗೆಜ್ಜೆ ಎಲ್ಲ ಅದರದೇ, ಉತ್ತಯ್ಯ ಮಾವನಿಗೆ ಇದರಲ್ಲಿ ಏನೂ ಗೊತ್ತಿಲ್ಲ ಎಂದು ಸ್ಪಷ್ಟವಾಗಿ ಬರೆ. ಅಕ್ಷರ ದಪ್ಪ ಇರಲಿ, ಅವನು ಕನ್ನಡಕ ಮನೆಯಲ್ಲಿ ಇಟ್ಟು ಹುಡುಕುವವನು. ನಿನ್ನ ಅಮ್ಮ ಬೇಜಾರು ಮಾಡುವವಳಲ್ಲ, ನನ್ನಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳಿಸಿಕೊಂಡಿದ್ದಾಳೆ. ಹುತ್ತರಿ ಹಬ್ಬಕ್ಕೆ ಮೂರು ವಾರ ಇಲ್ಲ, ಅದಕ್ಕೆ ಮೊದಲು ಮುಟ್ಟಬೇಕು. ನೀನು ಕಳಿಸಿದ ಲಕೋಟೆಯನ್ನು ನಾನು ಒಡೆಯುವುದಿಲ್ಲ, ಆ ಮೂರು ಸಾವಿರದ ಜೊತೆ ಹಾಗೆಯೇ ಅವನ ಕೈಗೆ ಕೊಡುತ್ತೇನೆ. ಹೀಗೆ ಮಾಡಿದರೆ ನಿಜವಾಗಿ ಏನಾಗಿತ್ತು ಎಂದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಯೋಚಿಸಿಯೇ ಬರೆದಿದ್ದೇನೆ.